ಮನೀಗೆ ಕರಕೊಂಡು ಹೋಗ್ರಿ

ನಮ್ಮ ಕಡೆ 'ಹಾರ್ಟ್ ಫೇಲ್ ಆತು' ಎಂದರೆ ಮನುಷ್ಯ ತೀರಿಕೊಂಡ ಎಂದೇ ಅರ್ಥ. ರಾತ್ರಿ ಉಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲ, ಹಾರ್ಟ್ ಫೇಲ್. ಬಸ್ ಸ್ಟ್ಯಾಂಡಿನಲ್ಲಿ ಕುಸಿದರು, ಹಾರ್ಟ್ ಫೇಲ್. ಹೀಗಾಗಿ 2010ರಲ್ಲಿ ಬ್ಯಾಡಗಿಯ ನಮ್ಮ ಮಾಮುವಿನ ಚೀಟಿಯಲ್ಲಿ ಡಾಕ್ಟರು 'ಹಾರ್ಟ್ ಫೇಲ್ಯೂರ್' ಎಂದು ಬರೆದಾಗ ಮನೆಯವರಿಗೆಲ್ಲ ಗಲಿಬಿಲಿ. ಮಾಮು ಎದುರಿಗೇ ಕುಳಿತು ಚಹಾ ಕುಡಿಯುತ್ತಿದ್ದರು!

ವೈದ್ಯರ ಭಾಷೆಯಲ್ಲಿ ಅದು ಸಾವಿನ ಹೆಸರಲ್ಲ, ಒಂದು ಕಾಯಿಲೆಯ ಹೆಸರು. ದೇಹಕ್ಕೆ ಬೇಕಾದಷ್ಟು ರಕ್ತವನ್ನು ತಳ್ಳಲಾರದೆ ಹೃದಯ ವರ್ಷಗಟ್ಟಲೆ ಸೋಲುತ್ತ ಹೋಗುತ್ತದೆ. ಕಾಲಿಗೆ ಬಾವು ಬರುತ್ತದೆ. ಶ್ವಾಸಕೋಶದಲ್ಲಿ ನೀರು ನಿಲ್ಲುತ್ತದೆ. ಅಡ್ಡಾದರೆ ಉಸಿರು ಕಟ್ಟುತ್ತದೆ. ಮೆಣಸಿನಕಾಯಿ ಮಾರುಕಟ್ಟೆಯ ದಲಾಲಿ ಅಂಗಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದಿದ್ದ ಮಾಮು ಕಡೆಗಾಲದಲ್ಲಿ ಗೋಡೆಗೆ ಒರಗಿ ಕುಳಿತೇ ನಿದ್ದೆ ಮಾಡುತ್ತಿದ್ದರು. ಒಮ್ಮೆ ಹುಬ್ಬಳ್ಳಿ, ಒಮ್ಮೆ ದಾವಣಗೆರೆ. ನೀರು ತೆಗೆಸಿಕೊಂಡು ಬರುವುದು, ತಿಂಗಳೊಳಗೆ ಮತ್ತೆ ಓಡುವುದು. ಕೊನೆಗೊಬ್ಬ ಡಾಕ್ಟರು, "ಇನ್ನ ಮಾಡೂದು ಏನೂ ಉಳದಿಲ್ಲ, ಮನೀಗೆ ಕರಕೊಂಡು ಹೋಗ್ರಿ" ಅಂದರು. ಒರಟಾಗಿ ಅಲ್ಲ, ಕನಿಕರದಿಂದಲೇ ಅಂದರು. ಆ ಮಾತಿನ ನಂತರ ಮಾಮು ಹನ್ನೊಂದು ವಾರ ಬದುಕಿದ್ದರು. ಆ ಹನ್ನೊಂದು ವಾರ ಏನು ಮಾಡಬೇಕೆಂದು ನಮಗೆ ಯಾರೂ ಹೇಳಿರಲಿಲ್ಲ.

ಗುಣವಾಗದ ರೋಗಿಯ ಸಂಕಟವನ್ನಾದರೂ ಕಡಿಮೆ ಮಾಡುವ ವೈದ್ಯಕೀಯವೊಂದಿದೆ. ಅದಕ್ಕೆ ಪ್ಯಾಲಿಯೇಟಿವ್ ಕೇರ್ ಎನ್ನುತ್ತಾರೆ, ಕನ್ನಡದಲ್ಲಿ ಉಪಶಾಮಕ ಆರೈಕೆ. ಅದರ ಇತಿಹಾಸ ಓದುತ್ತ ಹೋದಂತೆ ನಮಗೆ ಒಂದು ಸಂಗತಿ ಚುಚ್ಚಿತು. 1963ರಲ್ಲೇ ಜಾನ್ ಹಿಂಟನ್ ಎಂಬ ಲಂಡನ್ನಿನ ಮನೋವೈದ್ಯರು, ಸಾವಿನ ಹಾಸಿಗೆಯಲ್ಲಿದ್ದವರ ಪಕ್ಕ ಕುಳಿತು ವಿಚಾರಿಸಿ, ದೇಹದ ಯಾತನೆ ಎಲ್ಲರಿಗಿಂತ ಹೆಚ್ಚಾಗಿದ್ದುದು ಹೃದಯ ಅಥವಾ ಮೂತ್ರಪಿಂಡ ಸೋತವರಲ್ಲಿ ಎಂದು ಬರೆದಿದ್ದರು. ನಾಲ್ಕು ವರ್ಷದ ನಂತರ, 1967ರಲ್ಲಿ, ಅದೇ ಊರಲ್ಲಿ ಸಿಸಿಲಿ ಸಾಂಡರ್ಸ್ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು. ಆಕೆ ಮೊದಲು ನರ್ಸ್, ಆಮೇಲೆ ಡಾಕ್ಟರು. ನೋವು ಬಂದ ಮೇಲಲ್ಲ, ಬರುವ ಮುಂಚೆಯೇ ಗಡಿಯಾರ ನೋಡಿ ಬಾಯಿಯಿಂದ ಮಾರ್ಫಿನ್ ಕೊಡುವ ಕ್ರಮವನ್ನು ಜಗತ್ತಿಗೆ ಕಲಿಸಿದವರು. ಆದರೆ ಅಲ್ಲಿ ಹಾಸಿಗೆ ಸಿಕ್ಕಿದ್ದು ಬಹುಪಾಲು ಕ್ಯಾನ್ಸರ್ ರೋಗಿಗಳಿಗೆ.

ಇದರಲ್ಲಿ ಯಾರ ದ್ವೇಷವೂ ಇರಲಿಲ್ಲ. ಕ್ಯಾನ್ಸರು ಇಳಿಜಾರಿನ ಹಾದಿ. ಇಂತಿಷ್ಟು ತಿಂಗಳೆಂದು ವೈದ್ಯರು ಅಂದಾಜು ಹೇಳಬಲ್ಲರು. ಸೋತ ಹೃದಯದ ಹಾದಿ ಏರಿಳಿತದ್ದು. ಇಂದು ಐಸಿಯುದಲ್ಲಿದ್ದವರು ಬರುವ ವಾರ ಸಂತೆಗೆ ಹೋಗಿಬರಬಹುದು, ಅದರ ಮರುವಾರ ಇಲ್ಲವಾಗಬಹುದು. ಹೀಗಿರುವಾಗ 'ಕೊನೆ' ಎಂದು ಯಾವಾಗ ಹೇಳುವುದು? ಹೇಳದೆ ಇದ್ದುದರಿಂದ ಆರೈಕೆಯೂ ಶುರುವಾಗಲಿಲ್ಲ. ಭಾರತಕ್ಕೂ ಆ ಅಭ್ಯಾಸವೇ ಬಂತು. 1986ರಲ್ಲಿ ಮುಂಬಯಿಯಲ್ಲಿ ಆರಂಭವಾದ ಶಾಂತಿ ಅವೇದನಾ, 1999ರಲ್ಲಿ ಬೆಂಗಳೂರಿನಲ್ಲಿ ಬಾಗಿಲು ತೆರೆದ ಕರುಣಾಶ್ರಯ, ಎರಡೂ ಕ್ಯಾನ್ಸರಿನ ಕೊನೆಯ ಹಂತದವರಿಗಾಗಿ ಹುಟ್ಟಿದವು. ದೊಡ್ಡ ಕೆಲಸ ಮಾಡಿದ ಸಂಸ್ಥೆಗಳು ಅವು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ನೋಡಿದರೆ, ಇಂಥ ಆರೈಕೆ ಬೇಕಾದ ವಯಸ್ಕರಲ್ಲಿ ಹೃದಯ ಮತ್ತು ರಕ್ತನಾಳದ ರೋಗಿಗಳು ಶೇ. 38.5, ಕ್ಯಾನ್ಸರಿನವರು ಶೇ. 34.

ಮಾರ್ಫಿನ್ನಿನದು ಇನ್ನೊಂದು ಕತೆ. ನೋವಿಗಷ್ಟೇ ಅಲ್ಲ, ಬೇರೆ ಯಾವುದಕ್ಕೂ ಬಗ್ಗದ ಉಸಿರಾಟದ ಸಂಕಟಕ್ಕೂ ವೈದ್ಯರು ಅದನ್ನು ಸಣ್ಣ ಪ್ರಮಾಣದಲ್ಲಿ, ರೋಗಿಯನ್ನು ನೋಡಿಕೊಂಡು ಕೊಡುವುದುಂಟು. ಕಾಯಿದೆ ಪ್ರಕಾರ ಅಫೀಮು ಬೆಳೆದು ಹೊರದೇಶಕ್ಕೆ ಕಳಿಸುವ ದೇಶ ನಮ್ಮದು. ಆದರೆ 1985ರ ಮಾದಕ ವಸ್ತುಗಳ ಕಾಯಿದೆ ಬಂದ ಮೇಲೆ ಲೈಸೆನ್ಸು, ಶಿಕ್ಷೆಗಳ ಹೆದರಿಕೆಯಿಂದ ಔಷಧಿ ಅಂಗಡಿಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 1997ರಲ್ಲಿ ಇಡೀ ದೇಶದ ಆಸ್ಪತ್ರೆಗಳು ಬಳಸಿದ್ದು ಕೇವಲ 18 ಕಿಲೋ. ಧಾರವಾಡದಿಂದ ಬೇರೆಯಾಗಿ ಹಾವೇರಿ ಜಿಲ್ಲೆ ಹುಟ್ಟಿದ್ದೂ ಅದೇ ವರ್ಷ. ಕಾಯಿದೆ ಸಡಿಲವಾದದ್ದು 2014ರ ತಿದ್ದುಪಡಿಯಲ್ಲಿ. ಅಷ್ಟರಲ್ಲಿ ಒಂದಿಡೀ ತಲೆಮಾರಿನ ಡಾಕ್ಟರುಗಳು ಆ ಔಷಧ ಬರೆಯದೆಯೇ ಕಲಿತು, ಬರೆಯದೆಯೇ ನಿವೃತ್ತರಾಗಿದ್ದರು.

ನೆರೆಯ ಕೇರಳ ಬೇರೆ ದಾರಿ ಹಿಡಿಯಿತು. 1993ರಲ್ಲಿ ಕಲ್ಲಿಕೋಟೆಯ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಸಂಗಡಿಗರು ಶುರು ಮಾಡಿದ ಸಣ್ಣ ಕ್ಲಿನಿಕ್ಕು ಮಲಪ್ಪುರಂ ಜಿಲ್ಲೆಗೆ ಹಬ್ಬಿದಾಗ ಅದು ಓಣಿಯ ಜನರ ಕೆಲಸವಾಯಿತು. ಅಂಗಡಿಯವರು ಚಿಲ್ಲರೆ ಕೂಡಿಸಿದರು. ಶಿಕ್ಷಕರು, ವಿದ್ಯಾರ್ಥಿಗಳು, ಗೃಹಿಣಿಯರು ಹಾಸಿಗೆ ಹುಣ್ಣು ತೊಳೆಯುವುದನ್ನು ಕಲಿತರು. ಊರಿನವರೇ ನಡೆಸತೊಡಗಿದ ಮೇಲೆ 'ಇದು ಕ್ಯಾನ್ಸರಿಗೆ ಮಾತ್ರ' ಎಂಬ ಗೆರೆ ಅಳಿಸಿಹೋಯಿತು. ಪಾರ್ಶ್ವವಾಯು, ಮೂತ್ರಪಿಂಡ, ಹೃದಯ, ಮನಸ್ಸಿನ ಕಾಯಿಲೆ, ಎಲ್ಲರೂ ಒಳಗೆ ಬಂದರು. ಪಕ್ಕದ ಮನೆಯವನು ಏದುಸಿರು ಬಿಡುತ್ತಿರುವಾಗ ಅವನ ರಿಪೋರ್ಟು ಯಾರು ಕೇಳುತ್ತಾರೆ? 2008ರಲ್ಲಿ ಕೇರಳ ಸರಕಾರ ಇದನ್ನೇ ನೀತಿಯಾಗಿ ಮಾಡಿ ಪಂಚಾಯತಿಗಳ ಕೈಗೆ ಕೊಟ್ಟಿತು. ಹೀಗಾಗಿ ಮಂಜೇಶ್ವರ, ಕುಂಬಳೆಯ ಕನ್ನಡದ ಮನೆಗಳಿಗೆ ಪಂಚಾಯತಿಯ ನರ್ಸಮ್ಮ ಬರುವ ವ್ಯವಸ್ಥೆ ಇದೆ.

ಕರ್ನಾಟಕಕ್ಕೂ 2016ರಲ್ಲಿ ಇಂಥ ನೀತಿ ಬಂತು. 2018ರಿಂದೀಚೆಗೆ ಕೇಂದ್ರದ ಯೋಜನೆಯಲ್ಲಿ ಹಳ್ಳಿಯ ಉಪಕೇಂದ್ರ ಕೊಡಬೇಕಾದ ಸೇವೆಗಳ ಪಟ್ಟಿಯಲ್ಲೂ ಉಪಶಾಮಕ ಆರೈಕೆ ಸೇರಿದೆ. ಹಾವೇರಿಗೆ ಈಚೆಗೆ ಸರಕಾರಿ ವೈದ್ಯಕೀಯ ಕಾಲೇಜೂ ಬಂದಿದೆ. ಆದರೂ ರಾಣೆಬೆನ್ನೂರಿನ ರೋಗಿ ರಾತ್ರಿ ಏದುಸಿರು ಬಂದಾಗ ನೆನೆಸುವುದು ದಾವಣಗೆರೆಯ ರಸ್ತೆಯನ್ನೇ. ಅವರಿಗೆ ಬೇಕಾದದ್ದು ದೊಡ್ಡ ಯಂತ್ರವಲ್ಲ. ದಿನಾ ತೂಕ ನೋಡಿ, ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ನೀರಿನ ಗುಳಿಗೆಯ ಪ್ರಮಾಣ ಡಾಕ್ಟರನ್ನು ಕೇಳಿ ಹೆಚ್ಚಿಸುವವರು ಬೇಕು. ಮನೆಯಲ್ಲೇ ಇಂಜೆಕ್ಷನ್ ಕೊಡುವವರು ಬೇಕು. ಅಡುಗೆ ಮಾಡುವ ಹೆಂಗಸಿಗೆ ಉಪ್ಪಿನಕಾಯಿ, ಹಪ್ಪಳ ಯಾಕೆ ಬೇಡವೆಂದು ತಿಳಿಸಿ ಹೇಳುವವರು ಬೇಕು. ಮತ್ತು ಹೃದಯದ ಚಿಕಿತ್ಸೆ ನಿಲ್ಲಿಸಿ ಈ ಆರೈಕೆಗೆ ಬರಬೇಕೆಂದೇನಿಲ್ಲ. ಎರಡೂ ಜೊತೆಜೊತೆಗೇ ನಡೆಯಬಹುದು. ನಮ್ಮ ಮನೆಯವರಿಗೆ ಆಗ ಇದೊಂದು ತಿಳಿದಿದ್ದರೂ ಸಾಕಿತ್ತು.

ನಮಗೆ ಸಿಕ್ಕವರು ಓಣಿಯ ಒಬ್ಬ ನಿವೃತ್ತ ಕಂಪೌಂಡರು. ಸಂಜೆ ಬಂದು ಮಾಮುವಿನ ಕಾಲು ಒತ್ತಿ ಬಾವು ನೋಡುತ್ತಿದ್ದರು. ಮಂಚದ ತಲೆಯ ಕಡೆಯ ಕಾಲುಗಳಿಗೆ ಎರಡೆರಡು ಇಟ್ಟಿಗೆ ಇಡಿಸಿದವರು ಅವರೇ. ಟೇಬಲ್ ಫ್ಯಾನನ್ನು ಮುಖಕ್ಕೆ ನೇರ ತಿರುಗಿಸಿ, "ಗಾಳಿ ಮಾರಿಗೆ ಬಡೀಲಿ, ಚಾಚಾ, ದಮ್ಮು ಸ್ವಲ್ಪ ಇಳಿತೈತಿ" ಎನ್ನುತ್ತಿದ್ದರು. ಅಜ್ಜಿ ಮದ್ದೆಂದು ನಾವು ನಕ್ಕಿದ್ದೆವು. ಮುಖಕ್ಕೆ ಬೀಸುವ ಗಾಳಿ ಏದುಸಿರಿನ ಸಂಕಟ ತಗ್ಗಿಸುತ್ತದೆಂದು ವೈದ್ಯರೇ ಪರೀಕ್ಷಿಸಿ ನೋಡಿದ್ದಾರೆಂದು ನಾವು ಓದಿದ್ದು ಬಹಳ ತಡವಾಗಿ.

ಮಾಮು ಹೋದ ಮೇಲೆ ಆ ನಾಲ್ಕು ಇಟ್ಟಿಗೆ ಹಿತ್ತಲಿನಲ್ಲಿದ್ದವು. ಮರುವರ್ಷ ಮೆಣಸಿನಕಾಯಿ ಸುಗ್ಗಿಯ ಹೊತ್ತಿಗೆ ಓಣಿಯ ಇನ್ನೊಂದು ಮನೆಯವರು ಬಂದು, ಮುಮಾನಿಯನ್ನು ಕೇಳಿ ತೆಗೆದುಕೊಂಡು ಹೋದರು.