ಛಾಯಾಚಿತ್ರದ ನೆರವಿನಿಂದ ಹಣ್ಣು ನೊಣಗಳ ಪ್ರಭೇದ ಗುರುತಿಸುವಿಕೆ

ಮಾವು, ಸೀಬೆ ಹಾಗೂ ಬಳ್ಳಿ ತರಕಾರಿಗಳನ್ನು ಬಾಧಿಸುವ ಹಣ್ಣು ನೊಣಗಳೆಲ್ಲ ಒಂದೇ ಪ್ರಭೇದದವಲ್ಲ. ಪ್ರಭೇದಕ್ಕೆ ತಕ್ಕಂತೆ ಅವುಗಳನ್ನು ಆಕರ್ಷಿಸುವ ಮೋಹಕವೂ ಬೇರೆಯಾಗುತ್ತದೆ. ಹಾಗಲಕಾಯಿ ತಾಕಿನಲ್ಲಿ ಮೀಥೈಲ್ ಯೂಜಿನಾಲ್ ಬಲೆ ಕಟ್ಟಿದರೆ ಸಮೀಪದ ಮಾವಿನ ತೋಟದ ಗಂಡು ನೊಣಗಳು ಬಂದು ಬೀಳುತ್ತವೆ. ಹಾಗಲಕಾಯಿಯನ್ನು ಕೊಳೆಸುವ ನೊಣ ಅತ್ತ ಸುಳಿಯುವುದಿಲ್ಲ. ಬಲೆ ತುಂಬಿದರೂ ಬೆಳೆ ಉಳಿಯದು.

ಮಾದರಿ ಸಂಗ್ರಹ

ಬಲೆಗೆ ಬಿದ್ದ ನೊಣದ ಚಿತ್ರವು ಮೋಹಕಕ್ಕೆ ಬಂದ ನೊಣ ಯಾವುದೆಂಬುದನ್ನಷ್ಟೇ ತಿಳಿಸುತ್ತದೆ. ಕಾಯಿಗೆ ಹಾನಿ ಮಾಡಿದ ನೊಣ ಯಾವುದೆಂಬುದನ್ನಲ್ಲ. ಮರಿಹುಳುಗಳ ಚಿತ್ರದಿಂದಲೂ ಪ್ರಭೇದವನ್ನು ನಿರ್ಧರಿಸಲಾಗದು. ಆದುದರಿಂದ ಬಾಧಿತ ಹಣ್ಣುಗಳನ್ನು ತುಸು ತೇವದ ಮರಳು ಹರಡಿದ ಡಬ್ಬಿಯಲ್ಲಿಟ್ಟು, ಬಾಯಿಗೆ ತೆಳುಬಟ್ಟೆ ಕಟ್ಟಬೇಕು. ಮರಿಹುಳುಗಳು ಮರಳಿನಲ್ಲಿ ಕೋಶಾವಸ್ಥೆಗೆ ಹೋಗಿ, ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ನೊಣಗಳಾಗಿ ಹೊರಬರುತ್ತವೆ. ಆಗತಾನೇ ಹೊರಬಂದ ನೊಣದ ಬಣ್ಣ ಪೇಲವವಾಗಿರುವುದರಿಂದ, ಸಕ್ಕರೆ ನೀರಿನಲ್ಲಿ ಅದ್ದಿದ ಹತ್ತಿಯನ್ನು ಇಟ್ಟು 2–3 ದಿನ ಸಾಕಿದ ನಂತರವೇ ಚಿತ್ರ ತೆಗೆಯಬೇಕು.

ಚಿತ್ರ ತೆಗೆಯುವ ಕ್ರಮ

ನೊಣವನ್ನು ಕೆಲವು ನಿಮಿಷ ಫ್ರೀಜರ್‌ನಲ್ಲಿಟ್ಟರೆ ಅದರ ಚಲನೆ ನಿಲ್ಲುತ್ತದೆ. ಬಿಳಿ ಕಾಗದದ ಮೇಲೆ ಅಳತೆಪಟ್ಟಿಯೊಂದಿಗೆ ಇರಿಸಿ, ನೆರಳಿನ ಹಗಲು ಬೆಳಕಿನಲ್ಲಿ ಬೆನ್ನು, ಮುಖ, ಪಾರ್ಶ್ವ ಹಾಗೂ ಬಿಡಿಸಿದ ರೆಕ್ಕೆಯ ಚಿತ್ರಗಳನ್ನು ಪ್ರತ್ಯೇಕವಾಗಿ ತೆಗೆಯಬೇಕು. ಬೆಳೆ, ಸ್ಥಳ ಮತ್ತು ದಿನಾಂಕವನ್ನು ನಮೂದಿಸಬೇಕು.

ಮುಖ್ಯ ಲಕ್ಷಣಗಳು

• ಝ್ಯೂಗೊಡಾಕಸ್ ಕುಕುರ್ಬಿಟೆ (ಬಳ್ಳಿ ತರಕಾರಿಗಳ ನೊಣ): ಕೆಂಗಂದು ಎದೆಯ ಮೇಲೆ ಮೂರು ಹಳದಿ ಪಟ್ಟೆಗಳು, ಅವುಗಳಲ್ಲೊಂದು ನಡುವೆ, ರೆಕ್ಕೆಯ ತುದಿಯಲ್ಲಿ ಅಗಲವಾಗುವ ಅಂಚುಪಟ್ಟೆ. ಮೋಹಕ: ಕ್ಯೂಲ್ಯೂರ್.
• ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್: ಎದೆ ಹೆಚ್ಚಾಗಿ ಕಪ್ಪು, ಎರಡು ಪಕ್ಕಗಳಲ್ಲಿ ಮಾತ್ರ ಹಳದಿ ಪಟ್ಟೆ, ರೆಕ್ಕೆಯ ಅಂಚಿನಲ್ಲಿ ತುದಿಯವರೆಗೆ ಸಾಗುವ ಕಿರಿದಾದ ಪಟ್ಟೆ. ಮೋಹಕ: ಮೀಥೈಲ್ ಯೂಜಿನಾಲ್.
• ಬ್ಯಾಕ್ಟ್ರೊಸೆರಾ ಝೊನೇಟಾ: ಕೆಂಗಂದು ಎದೆ, ನಡುಪಟ್ಟೆ ಇಲ್ಲ, ರೆಕ್ಕೆಯ ಅಂಚುಪಟ್ಟೆ ತುಂಡಾಗಿ ತುದಿಯಲ್ಲಿ ಮಚ್ಚೆ, ಮುಖದಲ್ಲಿ ಎರಡು ದುಂಡು ಕಪ್ಪು ಚುಕ್ಕೆಗಳು. ಮೋಹಕ: ಮೀಥೈಲ್ ಯೂಜಿನಾಲ್.
• ಬ್ಯಾಕ್ಟ್ರೊಸೆರಾ ಕರೆಕ್ಟಾ: ರೆಕ್ಕೆ ಝೊನೇಟಾದಂತೆಯೇ, ಆದರೆ ಎದೆ ಕಪ್ಪು, ಮುಖದ ಚುಕ್ಕೆಗಳು ಅಡ್ಡಗೆರೆಯಂತೆ ಚಾಚಿರುತ್ತವೆ. ಮೋಹಕ: ಮೀಥೈಲ್ ಯೂಜಿನಾಲ್.

ಹೊಟ್ಟೆಯ ಮೇಲಿನ ‘ಟಿ’ ಆಕಾರದ ಕಪ್ಪು ಗುರುತು ಒಂದಕ್ಕಿಂತ ಹೆಚ್ಚು ಪ್ರಭೇದಗಳಲ್ಲಿರುವುದರಿಂದ, ಅದೊಂದನ್ನೇ ಆಧರಿಸಿ ನಿರ್ಧರಿಸಬಾರದು.

ಎಚ್ಚರಿಕೆಗಳು

ಹೂಗಳ ಬಳಿ ಗಾಳಿಯಲ್ಲಿ ನಿಂತಂತೆ ಹಾರುವ ಸಿರ್ಫಿಡ್ ನೊಣಗಳ ಹೊಟ್ಟೆಯ ಮೇಲೂ ಹಳದಿ–ಕಪ್ಪು ಪಟ್ಟೆಗಳಿರುತ್ತವೆ. ಇವುಗಳಲ್ಲಿ ಅನೇಕ ಪ್ರಭೇದಗಳ ಮರಿಹುಳುಗಳು ಸಸ್ಯಹೇನುಗಳನ್ನು ತಿನ್ನುವ ರೈತಮಿತ್ರಗಳು. ಹಣ್ಣು ನೊಣವೆಂದು ಭಾವಿಸಿ ಇವುಗಳಿಗೆ ಔಷಧ ಸಿಂಪಡಿಸಬಾರದು.

ಡಾರ್ಸಾಲಿಸ್ ಅನ್ನು ಹೋಲುವ ನಿಕಟ ಪ್ರಭೇದಗಳೂ ಇರುವುದರಿಂದ ಸಂದೇಹವಿದ್ದಲ್ಲಿ ಚಿತ್ರದ ಜೊತೆಗೆ ಶೇ. 70ರ ಆಲ್ಕೋಹಾಲ್‌ನಲ್ಲಿ ಸಂರಕ್ಷಿಸಿದ ನೊಣಗಳನ್ನೂ ಸಮೀಪದ ಕೃಷಿ ವಿಜ್ಞಾನ ಕೇಂದ್ರಕ್ಕೆ ತಲುಪಿಸಬೇಕು. ಪ್ರಭೇದ ಯಾವುದೇ ಇರಲಿ, ಉದುರಿದ ಹಾಗೂ ಕೊಳೆತ ಹಣ್ಣುಗಳನ್ನು ಆರಿಸಿ ಆಳವಾಗಿ ಹೂಳುವ ಕಾರ್ಯವನ್ನು ಉತ್ತರಕ್ಕೆ ಕಾಯದೆ ಕೈಗೊಳ್ಳುವುದು ಸೂಕ್ತ.