ಕೈ ತೊಳೆಯದೆ ಸಿಕ್ಕ ಸಿಹಿ

ಜಾತ್ರೆಯಲ್ಲಿ ಐಸ್‌ಕ್ಯಾಂಡಿ ಚೀಪಿದ ಮೇಲೆ ನಾಲಿಗೆಯ ಬುಡದಲ್ಲಿ ಸಣ್ಣ ಕಹಿ ಉಳಿಯುತ್ತಿತ್ತಲ್ಲ? ಎಷ್ಟೋ ಸಲ ಅದು ಸ್ಯಾಕರಿನ್‌ನದು.

1879ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ, ಐರಾ ರೆಮ್ಸೆನ್ ಅವರ ಪ್ರಯೋಗಾಲಯದಲ್ಲಿ ಕಲ್ಲಿದ್ದಲು ಡಾಂಬರಿನ ರಾಸಾಯನಿಕಗಳ ಜತೆ ಹೆಣಗುತ್ತಿದ್ದ ಕಾನ್‌ಸ್ಟಂಟಿನ್ ಫಾಲ್‌ಬರ್ಗ್ ಒಂದು ದಿನ ಕೈ ತೊಳೆಯದೆ ಊಟಕ್ಕೆ ಕೂತರು. ಬ್ರೆಡ್ಡೇ ಸಿಹಿ! ವಾಪಸ್ ಓಡಿ ಒಂದೊಂದೇ ಪಾತ್ರೆಯ ರುಚಿ ನೋಡಿದರಂತೆ. (ನಮ್ಮ ಕೆಮಿಸ್ಟ್ರಿ ಮೇಷ್ಟ್ರು ಕಂಡಿದ್ದರೆ ಬೆತ್ತ ಮುರಿಯುತ್ತಿತ್ತು.) ಆಮೇಲೆ ಪಡೆದ ಪೇಟೆಂಟ್‌ನಲ್ಲಿ ರೆಮ್ಸೆನ್ ಹೆಸರಿರಲಿಲ್ಲ.

1977ರಲ್ಲಿ ಇಲಿಗಳ ಮೂತ್ರಕೋಶದಲ್ಲಿ ಕ್ಯಾನ್ಸರ್ ಕಂಡಾಗ ಅಲ್ಲಿನ ಸರ್ಕಾರ ನಿಷೇಧಕ್ಕೆ ಹೊರಟಿತು. ಜನ ರೊಚ್ಚಿಗೆದ್ದರು, ಸಂಸತ್ತು ತಡೆಯಿತು. ನಿಷೇಧದ ಬದಲು ಪೊಟ್ಟಣದ ಮೇಲೆ ಎಚ್ಚರಿಕೆ ಬಂತು. ಇಲಿಗೆ ಆದದ್ದು ಮನುಷ್ಯರಿಗೆ ಅನ್ವಯಿಸದೆಂದು ಗೊತ್ತಾಗಿ 2000ದಲ್ಲಿ ಅದೂ ಹೋಯಿತು.

ನಮ್ಮಂಗಡಿ ಪೊಟ್ಟಣಗಳ ಹಿಂದೆ ಸಣ್ಣಕ್ಷರದಲ್ಲಿ 954 ಅಂತ ಕಂಡರೆ, ಅದೇ ಇದು.