ಮನೆಯಲ್ಲೇ ಬರೆದ ಡಿಸ್ಕಿನಲ್ಲಿ ಚಿತ್ರ ತಡವರಿಸಿದರೆ ಏನು ಮಾಡಬೇಕು?

ಮದುವೆ, ಗೃಹಪ್ರವೇಶ, ಊರಿನ ಯಕ್ಷಗಾನ ಬಯಲಾಟ ಇವನ್ನೆಲ್ಲ ಡಿ.ವಿ.ಡಿ.ಗೆ ಬರೆಸಿಡುವುದು 2000ರ ದಶಕದಲ್ಲಿ ರೂಢಿಯಾಗಿತ್ತು. ಆ ಡಿಸ್ಕುಗಳನ್ನು ಈಗ ಹಾಕಿದರೆ ಕೆಲವೊಮ್ಮೆ ಚಿತ್ರ ನಿಂತು ನಿಂತು ಓಡುತ್ತದೆ, ಮಾತು ತುಂಡಾಗುತ್ತದೆ. ಕೆಟ್ಟಿತೆಂದು ಬಿಸಾಡುವ ಮೊದಲು ದೋಷ ಎಲ್ಲಿದೆ ಎಂದು ತಿಳಿಯಬೇಕು.

ಮೊದಲ ಪರೀಕ್ಷೆ

ಡಿಸ್ಕನ್ನು ಕಂಪ್ಯೂಟರಿಗೆ ಹಾಕಿ, ಅದರಲ್ಲಿರುವ ಫೈಲುಗಳನ್ನು ಹಾರ್ಡ್ ಡಿಸ್ಕಿಗೆ ನಕಲು ಮಾಡಿ ಅಲ್ಲಿಂದಲೇ ಓಡಿಸಿ ನೋಡಬೇಕು.

1. ನಕಲು ಸರಾಗವಾಗಿ ಮುಗಿದು ಚಿತ್ರವೂ ಸರಿಯಾಗಿ ಓಡಿದರೆ ದೋಷ ಹಳೆಯ ಪ್ಲೇಯರಿನದು.
2. ನಕಲು ಒಂದೆಡೆ ಸಿಕ್ಕಿಕೊಂಡರೆ ಡಿಸ್ಕಿನ ಆ ಭಾಗ ಕೊಳೆಯಾಗಿದೆ ಅಥವಾ ಹಾಳಾಗಿದೆ.
3. ನಕಲು ಸರಿಯಾಗಿದ್ದೂ ಚಿತ್ರ ತಡವರಿಸಿದರೆ ದೋಷ ವಿಡಿಯೋ ತಯಾರಿಸುವಾಗಲೇ ಸೇರಿಕೊಂಡಿದೆ.

ಓದುವ ತೊಂದರೆ

ಅಂಗಡಿಯ ಸಿನಿಮಾ ಡಿಸ್ಕುಗಳನ್ನು ಕಾರ್ಖಾನೆಯಲ್ಲಿ ಅಚ್ಚೊತ್ತುತ್ತಾರೆ. ಮನೆಯಲ್ಲಿ ಬರೆಯುವ ಡಿಸ್ಕಿನಲ್ಲಿ ಬಣ್ಣದ ತೆಳು ಪದರವಿದ್ದು, ಅದರ ಮೇಲೆ ಲೇಸರ್ ಗುರುತು ಮಾಡುತ್ತದೆ. ಇದು ಬೆಳಕನ್ನು ಕಡಿಮೆ ಪ್ರತಿಫಲಿಸುವುದರಿಂದ ಸವೆದ ಪ್ಲೇಯರಿಗೆ ಓದುವುದು ಕಷ್ಟ. ಬಿಸಿಲು, ಸೆಕೆ, ತೇವದಿಂದ ಪದರ ಬೇಗ ಕೆಡುತ್ತದೆ.

ಕೊಳೆಯಿದ್ದರೆ ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿನತ್ತ ನೇರವಾಗಿ ಒರೆಸಬೇಕು. ಸುತ್ತಾಗಿ ಒರೆಸಿದರೆ ಗೀರು ಮಾಹಿತಿಯ ಸಾಲಿನುದ್ದಕ್ಕೂ ಬಿದ್ದು ಹೆಚ್ಚು ಹಾನಿಯಾಗುತ್ತದೆ. ಬರವಣಿಗೆ ಒಳಗಿನಿಂದ ಹೊರಕ್ಕೆ ಸಾಗುವುದರಿಂದ, ತುಂಬಿದ ಡಿಸ್ಕಿನಲ್ಲಿ ಕೊನೆಯ ಭಾಗವಷ್ಟೇ ತಡವರಿಸಿದರೆ ತೊಂದರೆ ಹೊರ ಅಂಚಿನಲ್ಲಿದೆ ಎಂದರ್ಥ.

ತಯಾರಿಯಲ್ಲಿನ ದೋಷ

ಡಿ.ವಿ.ಡಿ. ನಿಯಮದಂತೆ ಚಿತ್ರಕ್ಕೆ ಸೆಕೆಂಡಿಗೆ ಗರಿಷ್ಠ 9.8 ಮೆಗಾಬಿಟ್, ಧ್ವನಿಯೂ ಸೇರಿ 10.08 ಮೆಗಾಬಿಟ್. ಈ ಮಿತಿಗೆ ತಾಗುವಂತೆ ತಯಾರಿಸಿದರೆ ಹಲವು ಪ್ಲೇಯರುಗಳು ಏದುಸಿರು ಬಿಡುತ್ತವೆ. 4.7 ಜಿ.ಬಿ. ಡಿಸ್ಕಿನಲ್ಲಿ ಎರಡು ಗಂಟೆಯ ಚಿತ್ರಕ್ಕೆ ಸರಾಸರಿ 5 ಮೆಗಾಬಿಟ್ ಹಿಡಿಸುತ್ತದೆ. ಮನೆಬಳಕೆಗೆ ಅಷ್ಟು ಸಾಕು.

ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರಗಳು. ಅಮೆರಿಕದ ಎನ್.ಟಿ.ಎಸ್.ಸಿ. ಪದ್ಧತಿಯಲ್ಲಿ 29.97. ಒಂದನ್ನು ಇನ್ನೊಂದಕ್ಕೆ ಒರಟಾಗಿ ಬದಲಿಸಿದರೂ ಚಲನೆ ಕುಲುಕುತ್ತದೆ. ಮೂಲ ಕ್ಯಾಸೆಟ್ ಉಳಿದಿದ್ದರೆ ಅದರಿಂದ ಮತ್ತೆ ತಯಾರಿಸುವುದೇ ದಾರಿ.

ಹೊಸದಾಗಿ ಬರೆಯುವಾಗ

ಡಿಸ್ಕಿನ ಮೇಲೆ 16 ಎಕ್ಸ್ ಎಂದಿದ್ದರೂ 4 ಅಥವಾ 8 ಎಕ್ಸ್ ವೇಗದಲ್ಲಿ ಬರೆಯಬಹುದು. ಮುಗಿದ ಮೇಲೆ ತಾಳೆ ನೋಡುವ ಆಯ್ಕೆಯನ್ನು ಬಳಸಬೇಕು. ಕಾಗದದ ಚೀಟಿ ಅಂಟಿಸಬಾರದು, ತಿರುಗುವಾಗ ಡಿಸ್ಕ್ ಓಲಾಡುತ್ತದೆ.

ತಡ ಮಾಡಬಾರದು

ಪದರ ಒಮ್ಮೆ ಕೆಟ್ಟರೆ ಸರಿಪಡಿಸುವ ಉಪಾಯವಿಲ್ಲ. ಒಂದು ಡ್ರೈವ್ ಓದದಿದ್ದರೆ ಇನ್ನೊಂದರಲ್ಲಿ ಪ್ರಯತ್ನಿಸಬೇಕು. ಉಚಿತವಾಗಿ ಸಿಗುವ ಡಿ.ಡಿ.ರೆಸ್ಕ್ಯೂ ತಂತ್ರಾಂಶ ಚೆನ್ನಾಗಿರುವ ಭಾಗವನ್ನು ಮೊದಲು ಎತ್ತಿಕೊಂಡು, ಕೆಟ್ಟ ಭಾಗಕ್ಕೆ ಆಮೇಲೆ ಮರಳುತ್ತದೆ. ಸಿಕ್ಕಿದ್ದನ್ನು ಎರಡು ಬೇರೆ ಬೇರೆ ಕಡೆ ಇಡಬೇಕು. ತೀರಿಹೋದ ಹಿರಿಯರ ದನಿ ಆ ಒಂದು ಡಿಸ್ಕಿನಲ್ಲಷ್ಟೇ ಉಳಿದಿರಬಹುದು.